ಗಂಗವ್ವನ ಮನೆಯ ಎರಡನೇ ಟಾಕಿ

ಹುಬ್ಬಳ್ಳಿಯಲ್ಲಿ ಮುಂಡಗೋಡದ ಬಸ್ಸು ಹತ್ತಿ ಕೂತಾಗ ಕಂಡಕ್ಟರು ನನ್ನ ಆಧಾರ್ ಕಾರ್ಡು ನೋಡಿ ಶೂನ್ಯ ಟಿಕೆಟ್ ಕೊಟ್ಟರು. ಆಮೇಲೆ ಪಕ್ಕದಲ್ಲಿದ್ದ ನಮ್ಮ ಯಜಮಾನರ ಕಡೆ ತಿರುಗಿ, "ನಿಮ್ಮದು ರೊಕ್ಕ ಆಗತೈತ್ರಿ, ಸಾಹೇಬ್ರ" ಎಂದು ಕೈ ಚಾಚಿದರು. ಯಜಮಾನರು ದುಡ್ಡು ಕೊಟ್ಟು ನನ್ನನ್ನು ದುರುಗುಟ್ಟಿ ನೋಡಿದರು. "ಕೆಲಸ ನಿನ್ನದು, ಟಿಕೆಟ್ಟು ನನ್ನದು. ಚೀಲವೂ ನನ್ನ ತೊಡೆ ಮೇಲೇ" ಎಂದು ಗೊಣಗಿದರು. ಬ್ಯಾಂಕಿನಿಂದ ನಿವೃತ್ತರಾದ ಮೇಲೆ ನನ್ನ ಜೊತೆ ಊರೂರು ಸುತ್ತುವುದು, ಹೋದಲ್ಲೆಲ್ಲ ಯಾವ ತಿಂಡಿ ಚೆನ್ನಾಗಿರುತ್ತದೆ ಎಂದು ವಿಚಾರಿಸುವುದು, ಇವೇ ಅವರಿಗೆ ಉದ್ಯೋಗ. ನನಗೂ ಅವರಿಲ್ಲದೆ ಪ್ರಯಾಣ ಸೇರುವುದಿಲ್ಲ, ಆದರೆ ಅದನ್ನು ಅವರೆದುರು ಹೇಳುವುದಿಲ್ಲ.

ನಾನು ಮೈಸೂರಿನವಳು. ಕಟ್ಟಡಗಳ ನೀರಿನ ಪೈಪುಗಳ ನಕ್ಷೆ ಬರೆಯುತ್ತಲೇ ಕೂದಲು ನರೆದ ಎಂಜಿನಿಯರು. ಸ್ನಾನಕ್ಕೆ, ಬಟ್ಟೆ ಒಗೆಯುವುದಕ್ಕೆ ಬಳಸಿದ ನೀರನ್ನು ಸೋಸಿ ಅದೇ ಕಟ್ಟಡದ ಶೌಚಾಲಯಗಳಿಗೆ ಹರಿಸುವುದು ಈಗ ದೊಡ್ಡ ಊರುಗಳಲ್ಲಿ ಸಾಮಾನ್ಯವಾಗಿದೆ. ಸಣ್ಣ ಊರುಗಳ ಕಟ್ಟಡಗಳಿಗೂ ಇದಕ್ಕೆ ಸರಳವಾದ ನಿಯಮಗಳನ್ನು ಕನ್ನಡದಲ್ಲಿ ಬರೆದು ಕೊಡಿ ಎಂದು ನಮ್ಮ ಕಸುಬಿನ ಗೆಳೆಯರು ಕೇಳಿದ್ದರು. ಮನೆಯಲ್ಲಿ ಫ್ಯಾನಿನ ಕೆಳಗೆ ಕೂತು ಬರೆದು ಕಳಿಸಬಹುದಿತ್ತು. ಪೈಪನ್ನು ಕಣ್ಣಾರೆ ನೋಡದೆ ಪೈಪಿಗೆ ಕಾನೂನು ಬರೆಯುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಹಾಗಿರುವಾಗ ನಾನೇ ಆ ಸಾಲಿಗೆ ಸೇರುವುದು ಹೇಗೆ?

ಹೊರಡುವುದಕ್ಕೆ ಇನ್ನೊಂದು ಕಾರಣವೂ ಇತ್ತು. ದಾಂಡೇಲಿಯಿಂದ ಗಂಗವ್ವ ಎಂಬವರು ಫೋನು ಮಾಡಿದ್ದರು. ದುಡಿಯುವ ಹೆಣ್ಣುಮಕ್ಕಳಿಗೆ ಖೋಲಿಗಳನ್ನು ಬಾಡಿಗೆಗೆ ಕೊಡುವ ಎರಡು ಅಂತಸ್ತಿನ ಮನೆ ಅವರದು. ಸ್ನಾನದ ನೀರನ್ನು ಸೋಸಿ ಶೌಚಾಲಯಕ್ಕೆ ಕೊಡುವ ವ್ಯವಸ್ಥೆಯನ್ನು ಆ ಮನೆಯಲ್ಲಿ ಮಾಡಿಸಿದ್ದರು. ಬಲ್ಲವರಿಂದ ಪರೀಕ್ಷೆ ಮಾಡಿಸಿ ಸಹಿ ತನ್ನಿ, ಇಲ್ಲವಾದರೆ ಆ ಪೈಪನ್ನು ತೆಗೆಸಿ ಎಂದು ಅವರಿಗೆ ನಗರಸಭೆಯಿಂದ ಸೂಚನೆ ಬಂದಿತ್ತು. "ಪೈಪ್ ತಗದ್ರ ಬ್ಯಾಸಗ್ಯಾಗ ನಮ್ಮ ಬೋರಿನ ನೀರು ಸಾಲಂಗಿಲ್ರಿ. ಮ್ಯಾಲಿನ ಖೋಲಿ ಅಷ್ಟೂ ಖಾಲಿ ಮಾಡಸಬೇಕಾಗತೈತಿ. ಆ ಹೆಣ್ಣಮಕ್ಕಳು ಎಲ್ಲಿಗೆ ಹೋಗ್ಬೇಕ್ರಿ? ನೀವ ಬಂದು ನೋಡ್ರಿ ಅಕ್ಕಾರ" ಎಂದಿದ್ದರು. ಆ ದನಿಯಲ್ಲಿ ಬೇಡಿಕೆ ಇರಲಿಲ್ಲ, ನ್ಯಾಯ ಕೇಳುವ ಗತ್ತಿತ್ತು. ನನಗೆ ಆಗಲೇ ಆ ಹೆಂಗಸು ಇಷ್ಟವಾಗಿಬಿಟ್ಟರು.

ಮುಂಡಗೋಡಕ್ಕೆ ಮೊದಲೇ ಸಿಗುವ ಇಂದೂರದಲ್ಲಿ ಇಳಿದುಕೊಂಡೆವು. ಅಲ್ಲಿ ಬಸವಣ್ಣೆಪ್ಪ ಎಂಬ ರೈತರು ಹೊಸ ಮನೆ ಕಟ್ಟಿಸಿದ್ದು, ಬಚ್ಚಲ ನೀರಿಗೆ ಬೇರೆ ಟ್ಯಾಂಕು, ಈ ಕಡೆಯ ಮಾತಿನಲ್ಲಿ ಟಾಕಿ, ಇಟ್ಟಿದ್ದಾರೆಂದು ಕೇಳಿದ್ದೆ. ಯುಗಾದಿ ಆಗಷ್ಟೇ ಕಳೆದಿತ್ತು. ಬಿಸಿಲು ನೆತ್ತಿ ಸುಡುತ್ತಿತ್ತು. ನಡೆದು ಅವರ ಮನೆ ಮುಟ್ಟುವಷ್ಟರಲ್ಲಿ ಯಜಮಾನರ ಮುಖ ಬೆಂದ ಬದನೆಕಾಯಿಯಂತಾಗಿತ್ತು. "ಬರ್ರಿ, ಬರ್ರಿ, ಮೊದಲ ಕುಂದರ್ರಿ" ಎಂದು ಬಸವಣ್ಣೆಪ್ಪನವರು ಚಾಪೆ ಹಾಸಿದರು. ಅವರ ಹೆಂಡತಿ ಮಜ್ಜಿಗೆ ತಂದಿಟ್ಟರು, ಕೂಡಲೇ ಊಟಕ್ಕೂ ಎಬ್ಬಿಸಿದರು. ಬಿಸಿ ರೊಟ್ಟಿ, ಹೆಸರುಕಾಳಿನ ಪಲ್ಯ, ಶೇಂಗಾ ಹಿಂಡಿ, ಗಟ್ಟಿ ಮೊಸರು. ಯಜಮಾನರ ಗೊಣಗಾಟ ನಿಂತಿತು.

ಮನೆಯ ಹಿಂದೆ ಎರಡು ಪೈಪುಗಳು ಗೋಡೆಯ ಮೇಲೆ ಅಕ್ಕಪಕ್ಕ ಹೋಗುತ್ತಿದ್ದವು. ಕುಡಿಯುವ ನೀರಿನ ಪೈಪಿನ ಮೇಲೆ ಮೂರು ಬೆರಳಿನ ವಿಭೂತಿ ಪಟ್ಟೆ ಅಲ್ಲಲ್ಲಿ ಕಾಣುತ್ತಿತ್ತು. ಇದೇನೆಂದು ಕೇಳಿದೆ. "ನಮ್ಮಾಕಿ ಸೋಮವಾರಕ್ಕೊಮ್ಮೆ ಹಚ್ಚತಾಳ್ರಿ" ಎಂದರು ಬಸವಣ್ಣೆಪ್ಪ. "ವಿಭೂತಿ ಇದ್ದದ್ದು ಅಡಗಿಗೆ, ಪೂಜಾಕ್ಕ. ಇಲ್ಲದ್ದು ಸಂಡಾಸಕ್ಕ, ಬಾಳಿಗಿಡಕ್ಕ. ನಮ್ಮ ಮನ್ಯಾಗ ಕುರುಡ ಇದ್ರೂ ತಪ್ಪಂಗಿಲ್ರಿ, ವಾಸನಿ ನೋಡಿ ಹೇಳತಾನ." ನಾನು ಮನಸಾರೆ ನಕ್ಕೆ. ಎರಡು ನೀರಿನ ಪೈಪುಗಳನ್ನು ಗುರುತಿಸಲು ಬಣ್ಣ ಹಾಕಬೇಕೆಂಬುದು ನಮ್ಮ ನಿಯಮಗಳ ಮೊದಲ ಪಾಠ. ಇವರ ಮನೆಯಲ್ಲಿ ಅದು ವಾರಕ್ಕೊಮ್ಮೆ ನವೀಕರಣವೂ ಆಗುತ್ತಿದೆ. ಒಂದೇ ಕುಟುಂಬದ ಮನೆಗೆ ಇದಕ್ಕಿಂತ ಒಳ್ಳೆಯದು ಬೇಡ. ಹತ್ತಾರು ಕಡೆಯ ಜನ ಬಂದು ಹೋಗುವ ಕಟ್ಟಡದಲ್ಲಿ ಇದು ನಡೆಯದು ಅಷ್ಟೇ.

ರಾತ್ರಿ ಮುಂಡಗೋಡದಲ್ಲಿ ಉಳಿದೆವು. ಯಜಮಾನರು ಟಿಬೆಟನ್ನರ ಹೋಟೆಲು ಹುಡುಕಿ ಬಿಸಿ ಬಿಸಿ ತುಕ್ಪಾ ಕುಡಿದು, "ಇದು ನಮ್ಮ ಶಾವಿಗೆಯ ದೊಡ್ಡಣ್ಣ" ಎಂದು ತೀರ್ಪು ಕೊಟ್ಟರು. ಬೆಳಿಗ್ಗೆ ಕಲಘಟಗಿಯಲ್ಲಿ ಬಸ್ಸು ಬದಲಿಸಿ ಹಳಿಯಾಳಕ್ಕೆ ಬಂದೆವು. ದಾರಿಯುದ್ದಕ್ಕೂ ಕೊಯ್ದ ಗದ್ದೆಗಳು, ಎಲೆ ಉದುರಿದ ತೇಗದ ಮರಗಳು. ಬಸ್ಸಿನ ಕಿಟಕಿಯ ಗಾಜು ಸರಿಸಿದರೆ ಬಿಸಿಗಾಳಿ, ಮುಚ್ಚಿದರೆ ಬೆವರು.

ಹಳಿಯಾಳದಲ್ಲಿ ನನಗೆ ಪೈಪಿನ ಅಂಗಡಿ ನೋಡಬೇಕಿತ್ತು. ಮರುಬಳಕೆಯ ನೀರಿಗೆ ನೇರಳೆ ಬಣ್ಣದ ಪೈಪೇ ಇರಲಿ ಎನ್ನುವುದು ಬಹಳ ಕಡೆ ಇರುವ ಪದ್ಧತಿ. ಅಂಗಡಿಯ ಮಾಲೀಕರು ಹಣೆಗೆ ಗಂಧ ಇಟ್ಟ, ಮಾತಿಗೊಮ್ಮೆ ಮರಾಠಿ ಸೇರಿಸುವ ಹಿರಿಯರು. "ನೇರಳಿ ಬಣ್ಣದ್ದು?" ಎಂದು ಅವರು ಕಣ್ಣರಳಿಸಿದರು. "ಬಾಯಾರ, ಬಿಳಿದು ಐತಿ, ಬೂದಿದು ಐತಿ, ಕರಿದು ಪಾಹಿಜೆ ತಿತ್ಕಾ, ಬೇಕಾದಷ್ಟು ಐತಿ. ನೇರಳಿದು ಅಂದ್ರ ಸೀರಿ ಅಂಗಡ್ಯಾಗ ಕೇಳ್ರಿ!" ಅಂಗಡಿಯಲ್ಲಿದ್ದವರೆಲ್ಲ ಗೊಳ್ಳೆಂದರು. ಯಜಮಾನರ ನಗು ಎಲ್ಲರಿಗಿಂತ ಜೋರಾಗಿತ್ತು. ಸಿಗದ ಪೈಪನ್ನು ಕಡ್ಡಾಯ ಮಾಡಿದರೆ ಜನ ನಿಯಮವನ್ನೇ ಗಾಳಿಗೆ ತೂರುತ್ತಾರೆ. ಸಿಗುವ ಪೈಪಿಗೆ ಸಿಗುವ ಬಣ್ಣ ಬಳಿಯಿರಿ, ಉದ್ದಕ್ಕೂ ಬಳಿಯಿರಿ ಎಂದಷ್ಟೇ ಬರೆಯುವುದು ಒಳ್ಳೆಯದು ಎಂದು ಅಲ್ಲಿಯೇ ತೀರ್ಮಾನಿಸಿದೆ. ಆ ಹಿರಿಯರು ನಗಿಸಿದ್ದಕ್ಕೆ ದಂಡವೆಂಬಂತೆ ನಮಗಿಬ್ಬರಿಗೂ ಚಾ ತರಿಸಿದರು.

ಹಳಿಯಾಳದಿಂದ ದಾಂಡೇಲಿ ಇಪ್ಪತ್ತು ಚಿಲ್ಲರೆ ಕಿಲೋಮೀಟರು. ಕಾಡು ಶುರುವಾದ ಕೂಡಲೇ ಗಾಳಿ ತಂಪಾಯಿತು. ನಾವು ಇಳಿಯುವಾಗ ಕತ್ತಲಾಗಿತ್ತು, ಗಂಗವ್ವ ಬಸ್ ನಿಲ್ದಾಣಕ್ಕೇ ಬಂದಿದ್ದರು. ಅರವತ್ತರ ಆಸುಪಾಸಿನ ಎತ್ತರದ ಹೆಂಗಸು, ಇಳಕಲ್ ಸೀರೆ, ಕೈಯಲ್ಲಿ ಟಾರ್ಚು. "ಬಂದ್ರಲ್ಲಾ, ಆತು, ನನ್ನ ಎದಿ ಹಗುರಾತು ನೋಡ್ರಿ" ಎಂದು ಯಜಮಾನರ ಕೈಯಿಂದ ಚೀಲ ಕಸಿದುಕೊಂಡರು. ಅವರು ಬೆಳಗಾವಿ ಕಡೆಯವರು. ಗಂಡ ಕಾಗದದ ಕಾರ್ಖಾನೆಯ ಕೆಲಸಕ್ಕೆಂದು ಬಂದವರು ತೀರಿಹೋಗಿದ್ದಾರೆ. ಮಗಳು ಧಾರವಾಡದಲ್ಲಿ ಮದುವೆಯಾಗಿ ಸುಖವಾಗಿದ್ದಾಳೆ. ಮನೆ ದೊಡ್ಡದು, ಊರಿನಲ್ಲಿ ಕೆಲಸಕ್ಕೆ ಬರುವ ಹೆಣ್ಣುಮಕ್ಕಳಿಗೆ ಭಯವಿಲ್ಲದೆ ಇರುವ ಜಾಗ ಕಡಿಮೆ, ಹಾಗೆಂದು ಖೋಲಿ ಮಾಡಿ ಬಾಡಿಗೆಗೆ ಕೊಟ್ಟೆ ಎಂದು ದಾರಿಯಲ್ಲಿ ಹೇಳಿದರು. ದಾದಿಯರು, ಹೊಲಿಗೆಯವರು, ರೆಸಾರ್ಟುಗಳಲ್ಲಿ ಕೆಲಸ ಮಾಡುವವರು ಅಲ್ಲಿದ್ದರು.

ಮರುದಿನ ಪರೀಕ್ಷೆ. ಮೊದಲು ಆ ಮನೆಯ ನೀರಿನ ದಾರಿಯನ್ನು ಹೇಳುತ್ತೇನೆ. ಬಚ್ಚಲುಗಳ ನೀರು ಕೂದಲು ತಡೆಯುವ ಜಾಳಿಗೆಯ ಮೂಲಕ ಒಂದು ತೊಟ್ಟಿಗೆ ಬಂದು ತಿಳಿಯಾಗುತ್ತದೆ. ಅಲ್ಲಿಂದ ಕೆಸು ಮತ್ತು ಜೊಂಡು ಬೆಳೆದ ಜಲ್ಲಿಕಲ್ಲಿನ ಮಡಿಯಲ್ಲಿ ಹಾದು, ಮರಳಿನಲ್ಲಿ ಇಂಗಿ, ಕ್ಲೋರಿನ್ ಬೆರೆತು, ಪಂಪಿನಿಂದ ಮಾಳಿಗೆಯ ಮೇಲಿನ ಎರಡನೇ ಟಾಕಿಗೆ ಏರುತ್ತದೆ. ಆ ಟಾಕಿಯಿಂದ ಶೌಚಾಲಯಗಳಿಗೆ ಮತ್ತು ಅಂಗಳದ ಒಂದು ನಲ್ಲಿಗೆ ಮಾತ್ರ ಇಳಿಯುತ್ತದೆ. ಬಚ್ಚಲ ನೀರು ಕಡಿಮೆಯಾದ ದಿನ ಎರಡನೇ ಟಾಕಿಗೆ ಒಳ್ಳೆಯ ನೀರು ಸುರಿಯಬೇಕಲ್ಲ, ಅಲ್ಲಿಯೇ ಎಷ್ಟೋ ಜನ ಎಡವುತ್ತಾರೆ, ಎರಡು ಪೈಪನ್ನು ನೇರ ಜೋಡಿಸಿಬಿಡುತ್ತಾರೆ. ಒತ್ತಡ ತಪ್ಪಿದರೆ ಬಚ್ಚಲ ನೀರು ಹಿಂದಕ್ಕೆ ಸೇದಿಕೊಂಡು ಕುಡಿಯುವ ನೀರಿಗೆ ಸೇರುತ್ತದೆ. ಗಂಗವ್ವನ ಮನೆಯಲ್ಲಿ ಒಳ್ಳೆಯ ನೀರಿನ ಪೈಪು ಟಾಕಿಗೆ ತಾಗದೆ ಒಂದು ಗೇಣು ಮೇಲೆಯೇ ನಿಂತಿತ್ತು. ಬಿಂದಿಗೆಗೆ ಮೇಲಿನಿಂದ ನೀರು ಹೊಯ್ದ ಹಾಗೆ ಬೀಳಬೇಕು, ಅಷ್ಟೇ. "ಈ ಗೇಣು ಯಾಕ ಬಿಟ್ಟೀರಿ ಅಂತ ಮಿಸ್ತ್ರಿ ಜಗಳಾ ಮಾಡಿದ್ರಿ. ನಾ ಓದಿ ತಿಳಕೊಂಡಿದ್ದೆ, ಬಿಡಲಿಲ್ಲ" ಎಂದರು ಗಂಗವ್ವ. ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದ ಆಕೆಯನ್ನು ತಬ್ಬಿಕೊಳ್ಳಬೇಕೆನ್ನಿಸಿತು.

ಬಜಾರದಿಂದ ಜಿಲೇಬಿಗೆ ಹಾಕುವ ಬಣ್ಣ ತರಿಸಿ ಎರಡನೇ ಟಾಕಿಗೆ ಕಲಸಿದೆವು. ಹೆಣ್ಣುಮಕ್ಕಳು ಆ ದಿನ ನಮ್ಮ ಜೊತೆ ಮೇಲೆ ಕೆಳಗೆ ಓಡಾಡಿದರು. ಶೌಚಾಲಯಗಳಲ್ಲಿ, ಅಂಗಳದ ನಲ್ಲಿಯಲ್ಲಿ ಕೇಸರಿ ನೀರು ಬಂತು. ಅಡುಗೆಮನೆ, ಬಚ್ಚಲು, ಕುಡಿಯುವ ನೀರಿನ ನಲ್ಲಿಗಳನ್ನೆಲ್ಲ ಬಿಟ್ಟು ಬಿಳಿಯ ಬಟ್ಟಲಲ್ಲಿ ಹಿಡಿದು ನೋಡಿದೆವು. ಎಲ್ಲವೂ ಕನ್ನಡಿಯ ಹಾಗೆ ಸ್ವಚ್ಛ. ಆಮೇಲೆ ಒಳ್ಳೆಯ ನೀರಿನ ಟಾಕಿಯನ್ನು ಬಂದ್ ಮಾಡಿ ಅದರ ನಲ್ಲಿಗಳನ್ನೆಲ್ಲ ತೆರೆದಿಟ್ಟೆವು. ಎಲ್ಲೋ ಕಳ್ಳ ಜೋಡಣೆ ಇದ್ದರೆ ಒಂದಾದರೂ ನಲ್ಲಿ ತೊಟ್ಟಿಕ್ಕಬೇಕು. ಒಂದೂ ತೊಟ್ಟಿಕ್ಕಲಿಲ್ಲ. "ಪಾಸ್!" ಎಂದೆ. ಹೆಣ್ಣುಮಕ್ಕಳು ಚಪ್ಪಾಳೆ ತಟ್ಟಿದರು, ಬಣ್ಣದ ನೀರನ್ನೆಲ್ಲ ಹರಿಬಿಟ್ಟು ಟಾಕಿ ತೊಳೆದರು. ಬರೀ ಬಣ್ಣ ನೋಡಿ ತೃಪ್ತಿಪಡುವುದು ಹೇಗೆ ಎಂದು ಯಜಮಾನರು ಹೋಗಿ ಎಲ್ಲರಿಗೂ ಜಿಲೇಬಿಯನ್ನೇ ತಂದರು. ಸಹಿಯನ್ನು ನಾಳೆ ಬೆಳಿಗ್ಗೆ ಚಾ ಕುಡಿಯುತ್ತ ಹಾಕುತ್ತೇನೆ ಎಂದು ಹೇಳಿ ಮಲಗಿದೆ.

ಬೆಳಿಗ್ಗೆ ನಾನು ಬೇಗ ಎದ್ದು ಅಂಗಳಕ್ಕೆ ಬಂದೆ. ಅಲ್ಲೇ ಆ ನಲ್ಲಿ ಇತ್ತು. ಅಂಗಳ ತೊಳೆಯುವುದಕ್ಕೆ, ಗಿಡಗಳಿಗೆ ಎಂದು ಎರಡನೇ ಟಾಕಿಯಿಂದ ಎಳೆದಿದ್ದ ನಲ್ಲಿ. ಅದರ ಮೇಲೆ ಅಚ್ಚುಕಟ್ಟಾದ ಫಲಕ: "ಮರುಬಳಕೆ ನೀರು. ಕುಡಿಯಲು ಯೋಗ್ಯವಲ್ಲ." ಮೈಸೂರಿನಲ್ಲಿ ಇದೇ ಒಕ್ಕಣೆ ಎಷ್ಟು ಕಡೆ ಇದೆಯೋ, ನೋಡಿ ಸರಿ ಎಂದು ತಲೆಯಾಡಿಸಿದವಳೇ ನಾನು. ಆ ನಲ್ಲಿಯ ಕೆಳಗೆ ಒಬ್ಬ ತರುಣಿ ಕುಕ್ಕರಗಾಲಲ್ಲಿ ಕೂತು ತಟ್ಟೆ, ಲೋಟ, ಮಗುವಿನ ಹಾಲಿನ ಬಾಟಲಿ ತೊಳೆಯುತ್ತಿದ್ದಳು.

"ಅಯ್ಯೋ, ಏನಮ್ಮಾ ಮಾಡ್ತಿದೀಯ! ಆ ಬೋರ್ಡು ಓದೋಕೆ ಬರಲ್ವಾ?" ಎಂದು ಕಿರುಚಿದೆ.

ಅವಳು ನೀಲವ್ವ. ಬೈಲಹೊಂಗಲ ಕಡೆಯವಳು. ಗಂಡ ಲಾರಿ ಓಡಿಸುತ್ತಾನೆ, ತಿಂಗಳಲ್ಲಿ ಹೆಚ್ಚು ದಿನ ದಾರಿಯ ಮೇಲೇ. ಇವಳು ರೆಸಾರ್ಟಿನಲ್ಲಿ ಬಟ್ಟೆ ಒಗೆಯುವ ಕೆಲಸಕ್ಕೆ ಸೇರಿ ಎರಡು ವರ್ಷದ ಮಗಳೊಂದಿಗೆ ಮೇಲಿನ ಖೋಲಿಗೆ ಹೊಸದಾಗಿ ಬಂದಿದ್ದಳು, ಹಿಂದಿನ ದಿನ ಪರೀಕ್ಷೆಯ ಹೊತ್ತಿಗೆ ಕೆಲಸದಲ್ಲಿದ್ದಳು. "ಓದಾಕ ಬರತೈತ್ರಿ" ಎಂದು ಸಿಟ್ಟಿನಿಂದಲೇ ಎದ್ದು ನಿಂತಳು. "ಹತ್ತನೇತ್ತ ಪಾಸಾಗೇನಿ. ಕುಡ್ಯಾಕ ಬರಂಗಿಲ್ಲ ಅಂತ ಬರದಾರ. ನಾ ಎಲ್ಲಿ ಕುಡದೇನ್ರಿ? ಬಳಸೂ ನೀರು ಐತಿ ಅಂತ ಬಳಸಾಕತ್ತೇನಿ. ಭಾಂಡಿ ತೊಳ್ಯಾಕ ಕುಡಿಯೂ ನೀರು ಯಾರರ ಖರ್ಚು ಮಾಡ್ತಾರೇನ್ರಿ?"

ಅವಳ ಮಾತು ತಲೆಗೆ ಇಳಿಯಲು ನನಗೆ ಒಂದು ಕ್ಷಣ ಬೇಕಾಯಿತು. ಈ ಕಡೆ ಮನೆಮನೆಯಲ್ಲೂ ನೀರು ಎರಡೇ ಬಗೆ. ಕುಡಿಯುವ ನೀರು, ಬಳಸುವ ನೀರು. ಕುಡಿಯಲು, ಅಡುಗೆಗೆ ಒಂದು. ಪಾತ್ರೆ, ಸ್ನಾನ, ಬಟ್ಟೆಗೆ ಇನ್ನೊಂದು. ಬಳಸುವ ನೀರನ್ನು ಯಾರೂ ಕುಡಿಯುವುದಿಲ್ಲ, ಆದರೆ ಅದರಲ್ಲಿ ಪಾತ್ರೆ ತೊಳೆಯದ ಮನೆ ಇಲ್ಲ. ನಾವು ಜಾಣರು ಫಲಕದ ಮೇಲೆ "ಬಳಕೆ" ಎಂದು ಬರೆದು, ಕೆಳಗೆ "ಕುಡಿಯಲು ಯೋಗ್ಯವಲ್ಲ" ಎಂದು ಬರೆದರೆ ಇಲ್ಲಿ ಅದರ ಅರ್ಥ, ಪಾತ್ರೆ ತೊಳೆಯಲು ಇದೇ ನೀರು, ಬನ್ನಿ ತೊಳೆಯಿರಿ ಎಂದಾಗುತ್ತದೆ. "ಮತ್ತೆ ಆ 'ಮರು' ಅನ್ನೋದು?" ಎಂದು ಕೇಳಿದೆ. "ಮತ್ತ ಮತ್ತ ಬಳಸ್ರಿ ಅಂತ ಅಲ್ಲೇನ್ರಿ?" ಎಂದಳು ನೀಲವ್ವ. ಪಾಪ, ಅವಳ ತಪ್ಪೇನು?

ಗದ್ದಲ ಕೇಳಿ ಗಂಗವ್ವ ಓಡಿ ಬಂದರು. ನೀಲವ್ವನ ಮಗಳು ಸಮೃದ್ಧಿಗೆ ಎರಡು ದಿನದಿಂದ ಹೊಟ್ಟೆ ಸರಿ ಇಲ್ಲ ಎಂಬುದು ಆಗ ಗೊತ್ತಾಯಿತು. ಕೂಡಲೇ ಮಗುವನ್ನು ಎತ್ತಿಕೊಂಡು ದವಾಖಾನೆಗೆ ಹೋದೆವು. ಬೇಸಿಗೆಯಲ್ಲಿ ಹೀಗೆ ಬಹಳ ಮಕ್ಕಳಿಗೆ ಆಗುತ್ತದೆ, ಹೆದರಬೇಡಿ ಎಂದು ವೈದ್ಯರು ಉಪ್ಪು ಸಕ್ಕರೆಯ ಪುಡಿ ಕೊಟ್ಟರು. ಆ ನೀರಿನಿಂದಲೇ ಆಯಿತೇ ಎಂದು ನಾನು ಕೇಳಿದ್ದಕ್ಕೆ ಅವರು ಹೌದೆನ್ನಲಿಲ್ಲ, ಅಲ್ಲವೆಂದೂ ಅನ್ನಲಿಲ್ಲ.

ಮನೆಗೆ ಬಂದವರೇ ಗಂಗವ್ವ ಅಡುಗೆಮನೆಯ ಅಟ್ಟದಿಂದ ಗರಗಸ ತೆಗೆದುಕೊಂಡು ಮಾಳಿಗೆಯ ಮೆಟ್ಟಿಲು ಹತ್ತಿದರು. ನಾನು ಏದುಸಿರು ಬಿಡುತ್ತ ಹಿಂದೆ ಓಡಿದೆ.

"ಏನು ಮಾಡ್ತಿದೀರಿ ಗಂಗವ್ವಾ?"

"ಕತ್ತರಸ್ತೇನ್ರಿ ಪೈಪ. ಕೂಸಿನ ಬಾಟ್ಲಿ ತೊಳದಾಳ ನನ್ನ ಮನಿ ನೀರಾಗ! ಯಾತರ ಸಹಿ, ಯಾತರ ಪಾಸು? ನನಗೇನೂ ಬ್ಯಾಡ."

"ಕತ್ತರಿಸಿದರೆ ಮೇಲಿನ ಖೋಲಿ ಖಾಲಿ ಮಾಡಿಸಬೇಕು ಅಂದ್ರಿ. ನೀಲವ್ವ ಇರೋದು ಮೇಲಿನ ಖೋಲಿಯಲ್ಲೇ."

ಗಂಗವ್ವ ಪೈಪಿನ ಮೇಲೆ ಗರಗಸ ಇಟ್ಟುಕೊಂಡು ಹಾಗೆಯೇ ನಿಂತರು. ಕಣ್ಣಲ್ಲಿ ನೀರು ಬಂತು. "ಇಟ್ಕೊಂಡ್ರ ಕೂಸಿಗೆ ತ್ರಾಸ, ಕಳಸಿದ್ರ ತಾಯಿಗೆ ತ್ರಾಸ. ನಾ ಏನ ಮಾಡ್ಲೆವ್ವಾ?" ಎಂದರು. ನಾನು ಬಂದದ್ದು ತಪ್ಪು ಹುಡುಕಲು. ಈಗ ಪೈಪನ್ನು ಉಳಿಸಿರೆಂದು ಅಂಗಲಾಚುವವಳೂ ನಾನೇ ಆದೆ. ಸಹಿಯನ್ನು ಈಗ ಹಾಕುವುದಿಲ್ಲ, ನೀವೂ ನಾಳೆಯವರೆಗೆ ಕತ್ತರಿಸಬೇಡಿ ಎಂದು ಅವರ ಕೈಯಿಂದ ಗರಗಸ ತೆಗೆದುಕೊಂಡೆ. ಅಂಗಳದ ನಲ್ಲಿಗೆ ಬೆಣೆ ಹೊಡೆದು, ಬಟ್ಟೆ ಸುತ್ತಿ ಕಟ್ಟಿದೆವು.

ಜೋಯಿಡಾದಲ್ಲಿ ಒಂದು ಅತಿಥಿಗೃಹ ನೋಡಲು ಬರುತ್ತೇನೆಂದು ಮೊದಲೇ ಮಾತು ಕೊಟ್ಟಾಗಿತ್ತು. ಮನಸ್ಸಿಲ್ಲದ ಮನಸ್ಸಿನಿಂದ ಹೊರಟೆ. ಬಸ್ಸು ಗಣೇಶಗುಡಿಯ ಘಟ್ಟ ಹತ್ತಿದಾಗ ಸೂಪಾ ಅಣೆಕಟ್ಟೆ ಕಂಡಿತು. ಎರಡು ಗುಡ್ಡಗಳ ನಡುವೆ ಕಾಳಿ ನದಿಯನ್ನು ಹಿಡಿದು ನಿಲ್ಲಿಸಿದ ಗೋಡೆ, ಹಿಂದೆ ಅಷ್ಟು ದೂರದವರೆಗೆ ನೀಲಿ. "ಇಷ್ಟು ನೀರಿನ ಊರಲ್ಲಿ ಬಚ್ಚಲ ನೀರು ಸೋಸ್ತಾರಲ್ಲೇ" ಎಂದರು ಯಜಮಾನರು. ನದಿಯ ನೀರು ಮಾಳಿಗೆಗೆ ತಾನಾಗಿ ಹತ್ತುತ್ತದೆಯೇ ಎಂದು ಅವರ ಮೇಲೆ ರೇಗಿದೆ. ಅವರು ನನ್ನ ಕೈಗೆ ಒಂದು ಪೇಪರ್‌ಮಿಂಟು ಕೊಟ್ಟರು.

ಜೋಯಿಡಾದಲ್ಲಿ ಪ್ರೇಮಾನಂದ ಎಂಬವರ ಮನೆ. ಕಾಡು ನೋಡಲು ಬರುವವರಿಗೆ ಎರಡು ಕೋಣೆ ಇಟ್ಟಿದ್ದಾರೆ. ಕೋಕಂ ಪಾನಕ, ಅಕ್ಕಿರೊಟ್ಟಿ, ಗೆಡ್ಡೆಯ ಪಲ್ಯ ಕೊಟ್ಟರು. ಅಲ್ಲಿನ ಗೆಡ್ಡೆಗಳ ರುಚಿಯನ್ನು ನಾನು ಬೇರೆಲ್ಲೂ ಕಂಡಿಲ್ಲ. ಬಚ್ಚಲ ನೀರನ್ನು ಶೌಚಾಲಯಕ್ಕೆ ಕೊಡಬೇಕೆಂಬ ಆಸೆ ಅವರಿಗೂ ಇತ್ತು. ನಾನು ಕಾಗದದ ಮೇಲೆ ಗೆರೆ ಎಳೆದು ವಿವರಿಸುವಾಗ ಅವರ ತಾಯಿ ಪಕ್ಕದಲ್ಲಿ ಕೂತು ನೋಡುತ್ತಿದ್ದರು. ಅವರಿಗೆ ಕೊಂಕಣಿ ಮಾತ್ರ ಬರುತ್ತದೆ. ನಡುವೆ ಏನೋ ಕೇಳಿದರು. ಮಗ ನಗುತ್ತ ಹೇಳಿದರು: "ಹೆಸರು ಏನರ ಇರ್ಲಿ, ಆ ನೀರು ಎಲ್ಲಿಗೆ ಹೊಂಟೈತಿ ಅಂತ ಕೇಳಾಕತ್ತಾಳ್ರಿ ನಮ್ಮವ್ವ."

ಎಲ್ಲಿಗೆ ಹೊರಟಿದೆ! ನಾನು ಪೆನ್ನು ಕೆಳಗಿಟ್ಟೆ. ನಮ್ಮ ಫಲಕಗಳು ಆ ನೀರು ಎಲ್ಲಿಂದ ಬಂತು, ಅದಕ್ಕೇನು ಸಂಸ್ಕಾರ ಆಗಿದೆ ಎಂಬ ಜಾತಕ ಹೇಳುತ್ತವೆ. ನಲ್ಲಿಯ ಮುಂದೆ ಬಿಂದಿಗೆ ಹಿಡಿದು ನಿಂತವಳಿಗೆ ಅದರ ಜಾತಕ ಯಾಕೆ ಬೇಕು? ಮುಟ್ಟಬಹುದೋ ಮುಟ್ಟಬಾರದೋ ತಿಳಿದರೆ ಸಾಕು. ಸಂಜೆಯ ಬಸ್ಸಿಗೇ ದಾಂಡೇಲಿಗೆ ಮರಳಿದೆ. ಯಜಮಾನರಿಗೆ ಗೆಡ್ಡೆಯ ಪಲ್ಯವನ್ನು ಇನ್ನೊಂದು ಸಲ ಬಡಿಸಿಕೊಳ್ಳಲು ಆಗಲಿಲ್ಲವೆಂದು ಬೇಜಾರಾಯಿತು.

ಗಂಗವ್ವನ ಅಂಗಳದಲ್ಲಿ ಎಲ್ಲರನ್ನೂ ಕೂಡಿಸಿದೆ. ಸಮೃದ್ಧಿ ಗೆಲುವಾಗಿ ಅಮ್ಮನ ತೊಡೆಯ ಮೇಲೆ ಕೂತು ಚುರುಮುರಿ ಮುಕ್ಕುತ್ತಿತ್ತು. ನೋಡಿ ನನಗೆ ಹೋದ ಜೀವ ಬಂದಂತಾಯಿತು. "ಪೈಪಿನಲ್ಲಿ ತಪ್ಪಿಲ್ಲ, ಹೆಸರಿನಲ್ಲಿ ತಪ್ಪಿದೆ. ಅಂಗಳದ ನಲ್ಲಿಯನ್ನು ತೆಗೆದುಬಿಡಬೇಕು, ಕೈಗೆಟುಕುವ ಹಾಗೆ ಈ ನೀರಿಗೆ ಒಂದೂ ನಲ್ಲಿ ಇರಬಾರದು. ಇನ್ನು ಟಾಕಿ, ಪೈಪು, ವಾಲ್ವುಗಳ ಮೇಲೆ ಏನು ಬರೆದರೆ ನೀವು ಯಾರೂ ಮುಟ್ಟುವುದಿಲ್ಲ, ಹೇಳಿ" ಎಂದೆ.

ಒಬ್ಬೊಬ್ಬರು ಒಂದೊಂದು ಹೇಳಿದರು. "ಹೊಲಸ ನೀರು" ಎಂದಳು ಒಬ್ಬ ದಾದಿ. ಇಷ್ಟು ಸೋಸಿದ್ದನ್ನು ಹೊಲಸು ಅನ್ನಬ್ಯಾಡ್ರಿ ಎಂದು ಗಂಗವ್ವ ನೊಂದುಕೊಂಡರು. "ಬಚ್ಚಲ ನೀರು" ಎಂದರೆ ಬಚ್ಚಲಿಗೆ ಬಳಸುವ ನೀರು ಅಂದುಕೊಂಡು ಮೈ ತೊಳೆದುಕೊಳ್ಳುತ್ತಾರೆ. ನೀಲವ್ವ ಇಷ್ಟು ಹೊತ್ತು ತಲೆ ತಗ್ಗಿಸಿ ಕೂತಿದ್ದವಳು ಬಾಯಿ ಬಿಟ್ಟಳು. "ಸಂಡಾಸ ನೀರು ಅಂತ ಬರೀರಿ. ಯಾಕಿ ಮುಟ್ಟತಾಳ ನೋಡೂಣು!"

ಹೆಣ್ಣುಮಕ್ಕಳೆಲ್ಲ ಸೀರೆಯ ಸೆರಗಿನಲ್ಲಿ, ದುಪಟ್ಟಾದಲ್ಲಿ ಮುಖ ಮುಚ್ಚಿ ನಕ್ಕರು. ನಾನು ತೊಡೆ ತಟ್ಟಿಕೊಂಡು ಇದೇ ಎಂದೆ. ಶೌಚಾಲಯಕ್ಕೆ ಹೋಗುವ ನೀರು, ಅದು ಹೋಗುವ ಜಾಗದ ಹೆಸರೇ ಅದರ ಹೆಸರು. ಕೊಂಕಣಿಯವರಿಗೂ ಮರಾಠಿಯವರಿಗೂ ಉರ್ದುವಿನವರಿಗೂ ಸಂಡಾಸು ಸಂಡಾಸೇ.

ಗಂಗವ್ವ ಮಾತ್ರ ನಗಲಿಲ್ಲ. "ಅಕ್ಕಾರ, ಬ್ಯಾರೆ ಏನರ ಹೇಳ್ರಿ" ಎಂದರು. "ಮಾನದಿಂದ ಬಾಳಿದ ಮನಿ ಇದು. ಗ್ವಾಡಿ ಮ್ಯಾಲೆ ಆ ಶಬ್ದ ಬರಸಿದ್ರ ಓಣ್ಯಾಗ ಸಂಡಾಸ ಮನಿ ಅಂತ ಹೆಸರ ಬೀಳತೈತಿ. ಮುಂದ ಯಾರ ಬರ್ತಾರ್ರಿ ಖೋಲಿ ಕೇಳ್ಕೊಂತ?" ಅವರು ಹೇಳಿದ್ದೂ ಸುಳ್ಳಲ್ಲ. ಹೆಸರು ಕೆಟ್ಟರೆ ಬಾಡಿಗೆ ಮನೆ ನಡೆಯುವುದಿಲ್ಲ. ಆಗ ಸಮೃದ್ಧಿ ಚುರುಮುರಿಯ ಕೈಯನ್ನು ನೆಕ್ಕುತ್ತ ಗಂಗವ್ವನ ಬಳಿ ಬಂದು ಸೀರೆ ಜಗ್ಗಿತು. ಗಂಗವ್ವ ಅದರ ಎರಡೂ ಅಂಗೈಯನ್ನು ತಮ್ಮ ಸೆರಗಿನಿಂದ ಒರೆಸಿದರು, ಬೆರಳು ಬೆರಳಿನ ಸಂದಿಯನ್ನೂ ಒರೆಸಿದರು. ಆಮೇಲೆ ಯಾರ ಮುಖವನ್ನೂ ನೋಡದೆ, "ಪೇಂಟರಗ ನಾಳೆ ಬರಾಕ ಹೇಳ್ರಿ" ಎಂದು ಎದ್ದು ಒಳಗೆ ಹೋದರು.

ಮರುದಿನ ಅಂಗಳದ ನಲ್ಲಿ ಹೋಯಿತು. ಪೇಂಟರು ಪೈಪಿನ ಉದ್ದಕ್ಕೂ ಕೆಂಪು ಬಳಿದು, ವಾಲ್ವಿನ ಬಳಿ ಹೊಸ ಫಲಕ ಬರೆದರು. "ಸಂಡಾಸ ನೀರು. ಮುಟ್ಟಬ್ಯಾಡ್ರಿ." ಆ "ಬ್ಯಾಡ್ರಿ" ನೀಲವ್ವನ ಹಟ. ಮುಟ್ಟಬಾರದು ಎಂದು ಬರೆದರೆ ಸಾಲಿ ಮಾಸ್ತರು ಹೇಳಿದ ಹಾಗೆ ಆಗುತ್ತದಂತೆ. ನಗರಸಭೆಯಿಂದ ಪರಿಶೀಲನೆಗೆ ಬಂದ ಯುವ ಎಂಜಿನಿಯರ್ ಬಣ್ಣದ ಪರೀಕ್ಷೆಯನ್ನು ತಾವೂ ಒಮ್ಮೆ ಮಾಡಿ ನೋಡಿದರು, ಗೇಣಿನ ಅಂತರಕ್ಕೆ ಅಳತೆ ಪಟ್ಟಿ ಹಿಡಿದರು. ಫಲಕ ಓದಿ ಮುಖ ಕೆಂಪಾಯಿತು, ಆದರೂ ತಲೆಯಾಡಿಸಿದರು. "ಮ್ಯಾಡಂ, ಇದು ನಮ್ಮಜ್ಜಿಗೂ ತಿಳಿತೈತ್ರಿ" ಎಂದರು. ನಾನು ಸಹಿ ಹಾಕಿದೆ. ಪರೀಕ್ಷೆ ವರ್ಷಕ್ಕೊಮ್ಮೆ ಆಗಬೇಕು, ಹೊಸಬರು ಬಂದ ದಿನವೇ ಅವರನ್ನು ಮಾಳಿಗೆಗೆ ಕರೆದುಕೊಂಡು ಹೋಗಿ ಎರಡು ಟಾಕಿಗಳನ್ನೂ ತೋರಿಸಬೇಕು ಎಂಬ ಷರತ್ತು ಸೇರಿಸಿದೆ. ನನ್ನ ನಿಯಮಗಳಲ್ಲೂ ಹಾಗೆಯೇ ಬರೆದಿದ್ದೇನೆ. ಫಲಕದ ಮಾತನ್ನು ಮಾತ್ರ ಬರೆದಿಲ್ಲ. ಆ ಊರಿನ ಹೆಂಗಸರನ್ನು ಕೂಡಿಸಿ, ಕೇಳಿ, ಅವರು ಹೇಳಿದ್ದನ್ನು ಬರೆಯಿರಿ ಎಂದಿದ್ದೇನೆ.

ಧಾರವಾಡದ ಬಸ್ಸು ಬೆಳಿಗ್ಗೆ ಗಂಗವ್ವನ ಮನೆಯ ಮುಂದಿನ ರಸ್ತೆಯಲ್ಲೇ ಹೋಗುತ್ತದೆ. ನೀವು ಮುಂದೆ ನಡೆಯಿರಿ, ಬುತ್ತಿ ಕಟ್ಟಿಕೊಂಡು ನಿಲ್ದಾಣಕ್ಕೆ ಬರುತ್ತೇನೆ ಎಂದು ನಮ್ಮನ್ನು ಕಳಿಸಿದ್ದ ಗಂಗವ್ವ ಬಂದಿರಲಿಲ್ಲ. ಬುತ್ತಿಯನ್ನು ಮಾತ್ರ ಒಬ್ಬ ಹುಡುಗಿಯ ಕೈಯಲ್ಲಿ ಕಳಿಸಿದ್ದರು. ಮನಸ್ಸಿನಲ್ಲಿ ಬೇಸರ ಇಟ್ಟುಕೊಂಡರೇನೋ ಎಂದು ನನಗೆ ಒಳಗೊಳಗೇ ಕಸಿವಿಸಿ. ಬಸ್ಸು ತಿರುವು ಹಾದು ಮನೆಯ ಎದುರು ಬಂತು. ನಾನು ಕಿಟಕಿಯಿಂದ ಕತ್ತು ಹೊರಚಾಚಿ ನೋಡಿದೆ.

ಮಾಳಿಗೆಯ ಮೇಲಿನ ಎರಡನೇ ಟಾಕಿಯ ಮೈತುಂಬ, ರಸ್ತೆಗೆ ಮುಖ ಮಾಡಿ, ಮೊಳದುದ್ದದ ಕೆಂಪು ಅಕ್ಷರಗಳಲ್ಲಿ ಆಗಷ್ಟೇ ಬರೆದು ಮುಗಿಸಿದ್ದರು: "ಸಂಡಾಸ ನೀರು". ಪೇಂಟರು ಏಣಿಯ ಮೇಲೆ ಇನ್ನೂ ಕುಂಚ ಹಿಡಿದು ನಿಂತಿದ್ದರು. ಕೆಳಗೆ, ಪಡಸಾಲೆಯ ಮೆಟ್ಟಿಲ ಮೇಲೆ, ಸಮೃದ್ಧಿಯನ್ನು ಸೊಂಟಕ್ಕೇರಿಸಿಕೊಂಡು ಗಂಗವ್ವ ಬಸ್ಸಿಗೆ ಕೈ ಬೀಸುತ್ತಿದ್ದರು. ಅಲ್ಲಿ ಬರೆಸಿ ಎಂದು ನಾನು ಹೇಳಿರಲಿಲ್ಲ. ಯಾರೂ ಹೇಳಿರಲಿಲ್ಲ.

ಬಸ್ಸಿನ ತುಂಬ ನಗು ಎದ್ದಿತು. "ಏ, ಅಲ್ಲಿ ನೋಡ್ರಿ, ಟಾಕಿ ಮ್ಯಾಲೆ ಏನ ಬರಸ್ಯಾರ!" ಎಂದು ಒಬ್ಬರು ಇನ್ನೊಬ್ಬರನ್ನು ಎಬ್ಬಿಸಿ ತೋರಿಸಿದರು. "ಯಾರ ಮನಿ ರೀ ಅದು?" ಎಂದು ಕಂಡಕ್ಟರು ಕೂಗಿದರು. ಯಜಮಾನರು ಬೇಡ ಬೇಡ ಎಂದು ನನ್ನ ಸೆರಗು ಹಿಡಿದೆಳೆದರೂ ನಾನು ಎದ್ದು ನಿಂತೆ.

"ಗಂಗವ್ವನ ಮನೆ" ಎಂದೆ, ಹಿಂದಿನ ಸೀಟಿಗೂ ಕೇಳಿಸುವ ಹಾಗೆ. "ನಿಮ್ಮ ಮನೆಯ ಹೆಣ್ಣುಮಕ್ಕಳು ಈ ಊರಿಗೆ ಕೆಲಸಕ್ಕೆ ಬಂದರೆ ಆ ಮನೆಯಲ್ಲೇ ಖೋಲಿ ಕೇಳಿ."